ವ್ರತದ ಭಾರವನ್ನು ಹೊರುವವರು ಯಾರು?

ಮನುಷ್ಯನು ಯಾವಾಗ ಪ್ರೌಢನೆನಿಸುತ್ತಾನೆ ಎಂಬ ಪ್ರಶ್ನೆಗೆ ಕಾನೂನು, ಲೋಕರೂಢಿ, ಆಗಮ ಇವು ಮೂರೂ ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ. ಕಾನೂನು 18 ವರ್ಷ ತುಂಬಿದವರನ್ನು ಪ್ರಾಪ್ತವಯಸ್ಕರೆಂದು ಎಣಿಸುತ್ತದೆ. ಲೋಕವು ಉದ್ಯೋಗ ದೊರೆಯಿತೆ, ಮದುವೆಯಾಯಿತೆ, ಸ್ವಂತ ಮನೆಯಾಯಿತೆ ಎಂದು ಕೇಳುತ್ತದೆ. ಆಗಮವಾದರೋ ಎಂಟು ವರ್ಷ ಮೀರಿದ ಮನುಷ್ಯನಲ್ಲಿ ವ್ರತಧಾರಣೆಯ ಯೋಗ್ಯತೆಯನ್ನು ಒಪ್ಪುತ್ತದೆ. ಸಂಪಾದನೆಯಾಗಲಿ ಸಂಸಾರವಾಗಲಿ ಅಲ್ಲಿ ಅಳತೆಗೋಲಲ್ಲ. ತನ್ನ ಇಚ್ಛೆಗೆ ತಾನೇ ಎಲ್ಲೆಯನ್ನು ಗೊತ್ತುಪಡಿಸಿಕೊಂಡು ಆ ಎಲ್ಲೆಯೊಳಗೆ ನಿಲ್ಲಬಲ್ಲ ವಿವೇಕವೇ ಅಳತೆಗೋಲು. ಹಿಂದೆ ಈ ಮೂರು ಉತ್ತರಗಳೂ ಒಂದೇ ಮನೆಯೊಳಗೆ ಹೊಂದಿಕೊಂಡಿದ್ದುವು. ವೃತ್ತಿಯೂ ಕುಟುಂಬವೂ ಬದಲಾಗಿರುವ ಇಂದು ಅವು ಒಂದರಿಂದೊಂದು ಬೇರ್ಪಟ್ಟಿವೆ. ಹೀಗಿರುವಾಗ ಶ್ರಾವಕನೂ ಶ್ರಾವಿಕೆಯೂ ಯಾವುದನ್ನು ಹಿಡಿದು ನಡೆಯಬೇಕೆಂಬುದು ವಿಚಾರಣೀಯವಾಗಿದೆ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸಿದ್ದಾರೆ. ಬಾಲಕನು ಗೃಹಸ್ಥನಾಗುವ ದಾರಿ ಅವುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎಂಟನೆಯ ವರ್ಷದಲ್ಲಿ ಉಪನೀತಿ, ಅನಂತರ ವ್ರತಚರ್ಯೆ, ವಿದ್ಯಾಭ್ಯಾಸ, ವಿದ್ಯೆ ಮುಗಿದಾಗ ವ್ರತಾವತರಣ, ಆಮೇಲೆ ವಿವಾಹ. ವಿವಾಹದ ಬಳಿಕ ವರ್ಣಲಾಭ, ಎಂದರೆ ತಂದೆಯ ಅನುಮತಿಯಿಂದ ಧನಧಾನ್ಯಗಳನ್ನು ಪಡೆದು ಬೇರೆ ಮನೆ ಹೂಡುವುದು. ಅಲ್ಲಿಂದ ಕುಲಚರ್ಯೆ, ಗೃಹೀಶಿತೆ. ಮಗನು ಭಾರ ಹೊರಬಲ್ಲವನಾದಾಗ ಪ್ರಶಾಂತಿ. ಅದರ ಮುಂದೆ ಗೃಹತ್ಯಾಗ. ಈ ಕ್ರಮದಲ್ಲಿ ವ್ರತವು ವಿವಾಹಕ್ಕೂ ಐಶ್ವರ್ಯಕ್ಕೂ ಮೊದಲು ಬರುತ್ತದೆ ಎಂಬುದನ್ನು ಗಮನಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ವ್ರತಾವತರಣದಲ್ಲಿ ಇಳಿಸುವುದು ವಿದ್ಯಾರ್ಥಿದೆಸೆಯ ನಿಯಮಗಳನ್ನು ಮಾತ್ರ. ಮಧು, ಮಾಂಸ, ಪಂಚ ಉದುಂಬರ ಫಲಗಳ ತ್ಯಾಗವೂ ಹಿಂಸಾದಿ ಸ್ಥೂಲ ಪಾಪಗಳ ವಿರತಿಯೂ ಸರ್ವಕಾಲಕ್ಕೂ ಉಳಿಯತಕ್ಕವು. ಜೀವನದ ಘಟ್ಟಕ್ಕೆ ತಕ್ಕಂತೆ ಬದಲಾಗುವ ನಿಯಮ ಯಾವುದು, ಎಂದೂ ಬದಲಾಗದ ವ್ರತ ಯಾವುದು ಎಂಬ ವಿಂಗಡಣೆಯನ್ನು ಆಚಾರ್ಯರೇ ಮಾಡಿಕೊಟ್ಟಿದ್ದಾರೆ.

ಕೂಡುಕುಟುಂಬದ ಕಾಲದಲ್ಲಿ ಪ್ರೌಢತ್ವವು ವ್ಯಕ್ತಿಗೆ ಮನೆಯಿಂದ ಬರುತ್ತಿದ್ದಿತು. ತುಳುನಾಡಿನ ಜೈನ ಮನೆತನಗಳು ಇದಕ್ಕೆ ತಕ್ಕ ನಿದರ್ಶನ. ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿ ಕುಟುಂಬದ್ದು, ಆಡಳಿತ ಹಿರಿಯ ಯಜಮಾನನದು. ನಲವತ್ತು ವರ್ಷದ ಸೋದರಳಿಯನೂ ಯಜಮಾನಿಕೆ ತನ್ನ ಪಾಲಿಗೆ ಬರುವವರೆಗೆ ಕಿರಿಯನೇ. ಗದ್ದೆಯ ಅಕ್ಕಿ, ತೋಟದ ಕಾಯಿ, ಬಾವಿಯ ನೀರು, ಹೊತ್ತು ಮುಳುಗುವ ಮುನ್ನ ಆರುವ ಒಲೆ ಇವೆಲ್ಲ ಮನೆಯ ವ್ಯವಸ್ಥೆಯೇ ಆಗಿದ್ದುವು. 1949ರ ಅಳಿಯಸಂತಾನ ಕಾಯಿದೆ ವಿಭಾಗಕ್ಕೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿ ಗೇಣಿದಾರರಿಗೆ ಸಂದಿತು. ಉಳುವವನಿಗೆ ಭೂಮಿ ಎಂಬುದು ನ್ಯಾಯವೇ ಆದರೂ ಗೇಣಿಯನ್ನೇ ನಂಬಿದ್ದ ದೊಡ್ಡ ಮನೆಗಳ ಅಡಿಪಾಯ ಕದಲಿತು. ಮಕ್ಕಳು ಬೆಂಗಳೂರು, ಮುಂಬಯಿಗಳ ಸಂಬಳದ ಉದ್ಯೋಗಗಳಿಗೆ ತೆರಳಿದರು. ಗೇಣಿಯ ಮನೆಗಳ ಕಥೆ ಬೇರೆಯಾದರೂ ಬೆಳಗಾವಿ, ಧಾರವಾಡಗಳ ಸ್ವಂತ ಸಾಗುವಳಿಯ ಮನೆಗಳಿಂದಲೂ ಅಂಗಡಿಯ ಮನೆಗಳಿಂದಲೂ ವಿದ್ಯಾವಂತ ಮಕ್ಕಳು ಇದೇ ದಾರಿ ಹಿಡಿದಿದ್ದಾರೆ.

ಇದರಿಂದ ಆದಿಪುರಾಣದ ಮೆಟ್ಟಿಲುಗಳು ಹಿಂದುಮುಂದಾಗಿವೆ. ಇಪ್ಪತ್ತೆರಡರ ತರುಣನು ಮೊದಲ ಸಂಬಳದಿಂದಲೇ ಬೇರೆ ಬಿಡಾರ ಹೂಡುತ್ತಾನೆ. ಅವನಿಗೆ ವಿವಾಹಕ್ಕಿಂತ ವರ್ಣಲಾಭ ಮೊದಲು. ಮತ್ತೊಬ್ಬನು ಮದುವೆಯಾಗಿ ಮಕ್ಕಳಾದ ಮೇಲೂ ಮನೆಸಾಲದ ಕಂತಿಗೆ ತಂದೆಯ ಪಿಂಚಣಿಯನ್ನು ಅವಲಂಬಿಸುತ್ತಾನೆ. ತಂದೆತಾಯಿಗಳ ಔಷಧೋಪಚಾರವನ್ನೂ ತಮ್ಮನ ಶುಲ್ಕವನ್ನೂ ತನ್ನ ವೇತನದಿಂದ ನಡೆಸುತ್ತಿರುವ ಮೂವತ್ತೈದರ ಅವಿವಾಹಿತೆಯನ್ನು ಬಂಧುಗಳು ಇನ್ನೂ ‘ಹುಡುಗಿ’ ಎಂದೇ ಕರೆಯುತ್ತಾರೆ. ನಗರದ ಎರಡು ಕೋಣೆಗಳ ಮನೆಯಲ್ಲಿ ಹೇಳುವ ಹಿರಿಯರೂ ಇಲ್ಲ, ಕೇಳುವ ಕಿರಿಯರೂ ಇಲ್ಲ. ಅಲ್ಲಿ ಗೃಹೀಶಿತೆ ಯಾರ ಮೇಲೆ? ಹೊರಗಿನ ಕುರುಹುಗಳು ಹೀಗೆ ಅಸ್ಥಿರವಾದಾಗ ಆಗಮದ ಅಳತೆಗೋಲು ಒಂದೇ ನೆಚ್ಚತಕ್ಕುದಾಗಿ ಉಳಿಯುತ್ತದೆ. ಆದರೆ ಅದನ್ನು ಹಿಡಿಯಹೊರಟಾಗ ಒಂದು ಕಠಿನ ಪ್ರಶ್ನೆ ಎದುರಾಗುತ್ತದೆ. ವ್ರತವನ್ನು ಹೊತ್ತು ನಿಂತಿದ್ದ ಮನೆಯೇ ಇಲ್ಲವಾದ ಮೇಲೆ ವ್ರತ ನಿಲ್ಲುವುದು ಹೇಗೆ?

ರಾತ್ರಿಭೋಜನ ತ್ಯಾಗವನ್ನೇ ನೋಡಬಹುದು. ಬೆಂಗಳೂರಿನಲ್ಲಿ ಸೂರ್ಯನು ನವೆಂಬರಿನಲ್ಲಿ ಸಂಜೆ 5.50ರ ಸುಮಾರಿಗೂ ಜುಲೈ ಮೊದಲಲ್ಲಿ 6.50ರ ಸುಮಾರಿಗೂ ಅಸ್ತಮಿಸುತ್ತಾನೆ. ಆರು ಗಂಟೆಗೆ ಕೆಲಸ ಬಿಟ್ಟು ಒಂದು ಗಂಟೆ ಬಸ್ಸಿನಲ್ಲಿ ಪಯಣಿಸುವವರಿಗೆ ವರ್ಷದ ಯಾವ ತಿಂಗಳಲ್ಲಿಯೂ ಮನೆಯಲ್ಲಿ ಹಗಲೂಟ ದೊರೆಯುವುದಿಲ್ಲ. ರಾತ್ರಿಪಾಳಿಯವರ ಪಾಡು ಇನ್ನೂ ಕಷ್ಟ. ಹಳ್ಳಿಯ ಮನೆಯಲ್ಲಿ ಇಪ್ಪತ್ತು ವರ್ಷ ತಪ್ಪದ ನಿಯಮ ನಗರದಲ್ಲಿ ಇಪ್ಪತ್ತು ದಿನಗಳಲ್ಲಿ ತಪ್ಪಿತೆಂದು ಹಿರಿಯರು ನೊಂದುಕೊಳ್ಳುತ್ತಾರೆ. ಅವರ ನೋವು ಸಹಜ. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ಒಲೆಯೇ ಆರಿದ್ದ ಮನೆಯಲ್ಲಿ ರಾತ್ರಿ ಉಣ್ಣದಿದ್ದುದು ಸದಾಚಾರ ನಿಜ, ಅದು ವ್ರತವಾಗಿದ್ದಿತೆ? ಉಣ್ಣಲು ಅವಕಾಶವಿದ್ದೂ ಸಂಕಲ್ಪಪೂರ್ವಕವಾಗಿ ಬಿಡುವುದು ವ್ರತ. ಆ ಅವಕಾಶ ಆ ಮನೆಯಲ್ಲಿ ಇರಲೇ ಇಲ್ಲ. ನಗರವು ಕಸಿದುಕೊಂಡುದು ವ್ರತಕ್ಕೆ ಆಸರೆಯಾಗಿದ್ದ ಅಭ್ಯಾಸವನ್ನು.

ಆ ಅಭ್ಯಾಸವನ್ನು ನಡೆಸುತ್ತಿದ್ದವರು ಯಾರು ಎಂದು ಕೇಳಿದರೆ ವಿಷಯದ ಮರ್ಮ ತಿಳಿಯುತ್ತದೆ. ಯಜಮಾನರು ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುತ್ತಿದ್ದರು. ಹಿಂದಿನ ದಿನದ ಏಕಭುಕ್ತಕ್ಕೂ ಮರುದಿನದ ಪಾರಣೆಗೂ ನಸುಕಿನಲ್ಲಿ ಎದ್ದು, ಮಡಿಯುಟ್ಟು, ನೀರು ಸೋಸಿ, ಸೋಸಿದ ಬಟ್ಟೆಯ ಜೀವಗಳನ್ನು ಎಚ್ಚರದಿಂದ ಬಾವಿಗೆ ಸೇರಿಸಿ, ಧಾನ್ಯವನ್ನು ಶೋಧಿಸಿ ಅಡುಗೆ ಮಾಡುತ್ತಿದ್ದವರು ಮನೆಯ ಸೊಸೆಯಂದಿರು. ಅವರಲ್ಲಿ ಅನೇಕರು ತಾವೂ ನೋಂಪಿಗಳನ್ನು ಹಿಡಿದಿದ್ದವರೇ. ಅವರಿಗಾಗಿ ನಸುಕಿನಲ್ಲಿ ಏಳುವವರು ಬೇರೆ ಯಾರೂ ಇರಲಿಲ್ಲ. ಜೈನ ನೀತಿಯಲ್ಲಿ ಕೃತ, ಕಾರಿತ, ಅನುಮೋದನ ಮೂರೂ ಲೆಕ್ಕಕ್ಕೆ ಬರುತ್ತವೆ. ಮಾಡಿದುದು, ಮಾಡಿಸಿದುದು, ಮಾಡಿದುದನ್ನು ಮೆಚ್ಚಿದುದು ಎಲ್ಲಕ್ಕೂ ಜೀವನು ಹೊಣೆ. ಪಾಪದಲ್ಲಿ ಈ ಲೆಕ್ಕವನ್ನು ಒಪ್ಪುವವರು ಪುಣ್ಯದಲ್ಲಿಯೂ ಒಪ್ಪಬೇಕು. ಒಬ್ಬರ ಉಪವಾಸಕ್ಕಾಗಿ ಇನ್ನೊಬ್ಬರು ಸಂತೋಷದಿಂದ ಶ್ರಮಿಸಿದರೆ ಅದು ವೈಯಾವೃತ್ಯ. ಆ ಶ್ರಮವನ್ನು ಆಜ್ಞೆಯಿಂದ ಪಡೆದು, ಮನದಲ್ಲಿ ಕೊರಗನ್ನುಳಿಸಿದರೆ ಉಪವಾಸ ಮಾಡಿದವರು ತಮ್ಮ ಹಸಿವನ್ನು ಮಾತ್ರ ಗೆದ್ದರು, ಕಷಾಯವನ್ನು ಗೆಲ್ಲಲಿಲ್ಲ. ಕಷಾಯವನ್ನು ಬಿಡದ ಉಪವಾಸ ಲಂಘನವೆಂದು ಪೂರ್ವಾಚಾರ್ಯರ ಅಭಿಪ್ರಾಯ.

ಪತಿಪತ್ನಿಯರಿಬ್ಬರೂ ದುಡಿಯುವ ಇಂದಿನ ಮನೆಯಲ್ಲಿ ಈ ಪ್ರಶ್ನೆಯನ್ನು ಮರೆಮಾಡಲಾಗುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟವಾಗಬೇಕೆಂದು ಪತಿ ಸಂಕಲ್ಪಿಸಿ, ಅದಕ್ಕಾಗಿ ಪತ್ನಿಯೇ ಕಚೇರಿಯಿಂದ ಬೇಗ ಬರಬೇಕೆಂದು ನಿರೀಕ್ಷಿಸಿದರೆ ಆ ವ್ರತದ ಬೆಲೆಯನ್ನು ತೆರುವವರು ಯಾರು? ಬೆಳಿಗ್ಗೆಯೇ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು, ಸಂಜೆ ಐದೂವರೆಗೆ ಕೆಲಸದ ನಡುವೆ ಹತ್ತು ನಿಮಿಷ ಬಿಡುವು ಕೇಳಿ ಉಂಡು, ರಾತ್ರಿ ಮನೆಗೆ ಬಂದು ಮಕ್ಕಳ ಪಾಠ ನೋಡುವವನು ಅದೇ ವ್ರತವನ್ನು ಬೇರೆ ರೀತಿಯಲ್ಲಿ ಪಾಲಿಸುತ್ತಾನೆ. ಎರಡನೆಯವನು ಪ್ರೌಢನು. ಬಾಲ್ಯವೆಂದರೆ ತನ್ನ ನಿಯಮದ ಭಾರವನ್ನು ಪರರು ಹೊರುವ ಅವಸ್ಥೆ. ತನ್ನ ನಿಯಮದ ಭಾರವನ್ನು ತಾನು ಹೊತ್ತು, ಸಾಧ್ಯವಾದರೆ ಪರರದನ್ನೂ ಹಗುರಗೊಳಿಸುವುದು ಪ್ರೌಢತ್ವ. ಈ ಲಕ್ಷಣವನ್ನು ಒಪ್ಪಿದರೆ ಅರುವತ್ತರ ಬಾಲರೂ ಇಪ್ಪತ್ತರ ಪ್ರೌಢರೂ ಎಲ್ಲ ಊರುಗಳಲ್ಲಿಯೂ ಕಾಣಸಿಗುತ್ತಾರೆ.

ಇದರಿಂದ ಧರ್ಮವು ಒಬ್ಬೊಬ್ಬರ ಖಾಸಗಿ ವಿಷಯವಾಗಿ ಮನೆ ಒಡೆಯುವುದಿಲ್ಲವೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ತಥ್ಯವಿದೆ. ಆಸರೆಯಿಲ್ಲದೆ ನಿಲ್ಲಬಲ್ಲ ಸಂಕಲ್ಪ ಎಲ್ಲರಿಗೂ ಇರುವುದಿಲ್ಲ. ಹಳೆಯ ಮನೆಯು ದುರ್ಬಲರನ್ನೂ ಕೈಹಿಡಿದು ನಡೆಸಿತು. ಆದರೆ ಚತುರ್ವಿಧ ಸಂಘದ ರಚನೆಯನ್ನು ನೋಡಿದರೆ ಸಮಾಧಾನ ದೊರೆಯುತ್ತದೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂದು ಅಲ್ಲಿ ನಾಲ್ಕು ಎಣಿಕೆ. ಶ್ರಾವಿಕೆಯನ್ನು ಶ್ರಾವಕನ ಮನೆಯ ಅಂಗವೆಂದು ಎಣಿಸದೆ ಸ್ವತಂತ್ರವಾಗಿ ಎಣಿಸಲಾಗಿದೆ. ಆಸ್ತಿಯನ್ನು ಮನೆಯ ಲೆಕ್ಕದಲ್ಲಿಟ್ಟ ಸಮಾಜವೂ ವ್ರತವನ್ನು ಜೀವದ ಲೆಕ್ಕದಲ್ಲಿಯೇ ಇಟ್ಟಿತು. ಒಬ್ಬರು ಗುರುಸನ್ನಿಧಿಯಲ್ಲಿ ಪಡೆದ ವ್ರತ ಇನ್ನೊಬ್ಬರಿಗೆ ಸಲ್ಲದು. ಆದುದರಿಂದ ಮನೆಯ ಕೆಲಸ ವ್ರತಿಗಳಿಗೆ ನೆರವಾಗುವುದು. ಅವರ ಪರವಾಗಿ ವ್ರತವನ್ನು ನಡೆಸಿಕೊಡುವುದಲ್ಲ.

ಶಕ್ತಿಯ ಅಳತೆಯನ್ನೂ ಇಲ್ಲಿ ಮರೆಯಬಾರದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಯಾವಜ್ಜೀವ ತ್ಯಾಗವನ್ನು ಯಮವೆಂದೂ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ರಾತ್ರಿಯಲ್ಲಿ ನಾಲ್ಕು ವಿಧದ ಆಹಾರವನ್ನು ಪೂರ್ಣವಾಗಿ ತೊರೆಯುವುದನ್ನು ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದಾಗಿ ಇಟ್ಟಿದ್ದಾರೆ. ಇದನ್ನು ಸಡಿಲಿಕೆಗೆ ಅನುಮತಿಯೆಂದು ತಿಳಿಯಬಾರದು. ರೂಢಿಯ ಆಚಾರ ಎಲ್ಲರಿಗೂ ಇದ್ದೇ ಇದೆ. ಆದರೆ ಪಾಳಿಯ ಕೆಲಸದವರು ನಡೆಸಲಾಗದ ಯಮವನ್ನು ಆವೇಶದಿಂದ ಹಿಡಿದು ಗುಟ್ಟಾಗಿ ಮುರಿಯುವುದಕ್ಕಿಂತ, ಪರ್ವದಿನಗಳಿಗೆ, ರಜಾದಿನಗಳಿಗೆ, ಅಥವಾ ಚಾತುರ್ಮಾಸದ ನಾಲ್ಕು ತಿಂಗಳಿಗೆ ನಿಯಮ ಹಿಡಿದು ನಿರ್ದೋಷವಾಗಿ ಪಾಲಿಸುವುದು ಲೇಸು. ಉಪವಾಸದ ದಿನ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂಬುದರಿಂದ, ವರ್ಷಕ್ಕೆ ದೊರೆಯುವ ಕೆಲವೇ ರಜೆಗಳಲ್ಲಿ ಎರಡನ್ನಾದರೂ ದಶಲಕ್ಷಣ ಪರ್ವಕ್ಕಾಗಿ ಕಾದಿಡುವುದು ಇಂದಿನ ಉದ್ಯೋಗಸ್ಥರಿಗೆ ನಿಜವಾದ ತ್ಯಾಗವೇ ಆಗುತ್ತದೆ. ವಿಹಾರಕ್ಕೆಂದು ಇಟ್ಟ ರಜೆಯನ್ನು ಸಾಮಾಯಿಕಕ್ಕೆ ಕೊಡುವಾಗ ಮನಸ್ಸು ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ಮೀರುವುದು ಅಂದಿನ ತಪಸ್ಸಿನ ಒಂದು ಭಾಗ.

ಹಣದಿಂದ ತೀರದ ಕರ್ತವ್ಯಗಳೂ ಉಂಟು. ಅತಿಥಿಸಂವಿಭಾಗ ವ್ರತಕ್ಕೆ ಮನೆಯಲ್ಲಿ ಜನ ಬೇಕು. ಆಹಾರಚರ್ಯೆಗೆ ಮುನಿಗಳು ಹೊರಡುವ ಹೊತ್ತಿನಲ್ಲಿ ಬಾಗಿಲಿಗೆ ಬೀಗವಿದ್ದರೆ ಪ್ರತಿಗ್ರಹ ಮಾಡುವವರು ಯಾರು? ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಗಳಿಗೆ ತಿಂಗಳು ತಿಂಗಳು ಹಣ ಸಲ್ಲುತ್ತದೆ. ಜ್ವರದ ರಾತ್ರಿ ಬಳಿಯಲ್ಲಿ ಕೂರುವವರು ಬೇಕಾಗಿರುತ್ತದೆ. ಕೂಡುಕುಟುಂಬದಲ್ಲಿ ಈ ಕೆಲಸಗಳಿಗೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಇಂದು ಇವನ್ನು ಮೊದಲೇ ಯೋಚಿಸಿ, ಹಂಚಿಕೊಂಡು, ದಿನ ಗೊತ್ತುಮಾಡಿ ನಡೆಸಬೇಕು. ಒಂದೇ ಬಡಾವಣೆಯ ನಾಲ್ಕು ಮನೆಗಳವರು ಸರದಿಯಂತೆ ಚೌಕ ನಡೆಸುವುದು, ಅಣ್ಣತಂಗಿಯರು ಸರದಿಯಂತೆ ಊರಿಗೆ ಹೋಗಿ ಹಿರಿಯರ ಬಳಿ ಇರುವುದು ಇಂದಿನ ಗೃಹೀಶಿತೆ. ಮದುವೆಯಾಗದವರೂ, ಕೆಲಸ ಕಳೆದುಕೊಂಡು ಊರಿಗೆ ಮರಳಿದವರೂ ಇದರಲ್ಲಿ ಪೂರ್ಣ ಪಾಲುಗಾರರು. ಲೋಕದ ಮೂರು ಕುರುಹುಗಳಲ್ಲಿ ಒಂದೂ ಇಲ್ಲದವರು ವ್ರತಶೀಲರಾಗಿದ್ದರೆ ಸಂಘದಲ್ಲಿ ಅವರ ಸ್ಥಾನಕ್ಕೆ ಕುಂದಿಲ್ಲ.

ಹಿರಿಯರ ಪ್ರೌಢತ್ವಕ್ಕೂ ಒಂದು ಪರೀಕ್ಷೆಯಿದೆ. ಆದಿಪುರಾಣದ ಗೃಹತ್ಯಾಗ ಕ್ರಿಯೆಯಲ್ಲಿ ಗೃಹಸ್ಥನು ತನ್ನ ಧನವನ್ನು ಮೂರು ಭಾಗ ಮಾಡಿ, ಒಂದನ್ನು ಧರ್ಮಕಾರ್ಯಕ್ಕೂ ಒಂದನ್ನು ಗೃಹವೆಚ್ಚಕ್ಕೂ ಒಂದನ್ನು ಮಕ್ಕಳಿಗೂ ಇಡಬೇಕೆಂದಿದೆ. ಆ ಮೂರನೆಯ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು ಹೇಳಿದೆ. ದೇಶದ ಕಾನೂನು 2005ರಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಈ ಮಾತು ಗ್ರಂಥಸ್ಥವಾಗಿದ್ದಿತು. ಪಾಲು ಕೊಡುವುದು ಹಣದಲ್ಲಿ ಮಾತ್ರ ಮುಗಿಯಬಾರದು. ಮಕ್ಕಳ ನಿಯಮಗಳನ್ನು ತಾವೇ ಗೊತ್ತುಪಡಿಸುವ ಅಧಿಕಾರವನ್ನೂ ಬಿಟ್ಟುಕೊಡಬೇಕು. ಮಗಳು ಹಿಡಿದ ಚಿಕ್ಕ ನಿಯಮವನ್ನು ಹಳೆಯ ಮನೆಯ ದೊಡ್ಡ ಆಚಾರದೊಡನೆ ಹೋಲಿಸಿ ಹಳಿಯದೆ, ಅದು ತಪ್ಪದಂತೆ ನೆರವಾಗುವುದು ಪ್ರಶಾಂತಿಯ ಲಕ್ಷಣ.

ಶ್ರಾವಕ ಬಂಧುಗಳು ಮುಂದಿನ ಪರ್ವದಲ್ಲಿ ನೋಂಪಿಯನ್ನೋ ಉಪವಾಸವನ್ನೋ ಸಂಕಲ್ಪಿಸುವಾಗ, ಎಷ್ಟು ದಿನ ಎಂದು ಎಣಿಸುವುದಕ್ಕೆ ಮೊದಲು, ಇದಕ್ಕಾಗಿ ಮನೆಯಲ್ಲಿ ಯಾರು ನಸುಕಿನಲ್ಲಿ ಏಳಬೇಕಾಗುತ್ತದೆ ಎಂದು ಒಮ್ಮೆ ವಿಚಾರಿಸುವುದು ಉಚಿತ. ಉತ್ತರ ‘ನಾನೇ’ ಎಂದಾದರೆ ಸಂಕಲ್ಪ ಗಟ್ಟಿಯಾಗಿದೆ. ಬೇರೊಬ್ಬರ ಹೆಸರು ಬಂದರೆ ಅವರ ಒಪ್ಪಿಗೆಯನ್ನು ಕೇಳಿ, ಅವರ ಕೆಲಸದಲ್ಲಿ ಕೈಗೂಡಿಸಿ, ಅನಂತರ ಗುರುಸಾಕ್ಷಿಯಾಗಿ ವ್ರತವನ್ನು ಸ್ವೀಕರಿಸಲಿ.