ಗೊಡ್ಡು ಎನ್ನುವ ಮುನ್ನ

ಹಸು ನೋಡಿ ಕೊಳ್ಳುವುದೂ ಒಂದು ವಿದ್ಯೆ ಎಂದು ನನಗೆ ತಿಳಿದದ್ದು ಕೋಗಿಲಿಗೆ ಸೊಸೆಯಾಗಿ ಬಂದ ಮೇಲೆ. ಯಲಹಂಕದ ಮಗ್ಗುಲಿನ ಈ ಊರು ಇಂದು ಬಡಾವಣೆಗಳ ನಡುವೆ ಗುರುತೇ ಸಿಗದಂತಾಗಿದೆ. 1994ರಲ್ಲಿ ನಮ್ಮ ಬೀದಿಯ ಹೆಚ್ಚಿನ ಮನೆಗಳಲ್ಲಿ ಕೊಟ್ಟಿಗೆಯಿತ್ತು. ಡೈರಿಗೆ ಹೊರಟ ಹಾಲಿನ ಕ್ಯಾನುಗಳ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು.

ನಮ್ಮ ದೊಡ್ಡಮಾವ ಊರಿಗೆಲ್ಲ ದನ ನೋಡಿಕೊಡುತ್ತಿದ್ದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅವರಿಲ್ಲದೆ ಯಾರೂ ಹೊರಡುತ್ತಿರಲಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವ ಮೊದಲು ಹಲ್ಲು ಎಣಿಸುವರು, ಸುಳಿ ಹುಡುಕುವರು, ಚರ್ಮ ಎಳೆದು ನೋಡುವರು. ಹಿಂಭಾಗ ಅಗಲವಾಗಿರಬೇಕು, ಮೈ ಹೊಳೆಯಬೇಕು, ಕತ್ತು ಹೋರಿಯ ಹಾಗೆ ದಪ್ಪವಿರಬಾರದು; ಅಂಥ ಕಡಸು ಬೇಗ ಗಬ್ಬವಾಗುತ್ತದೆ ಎನ್ನುವರು. ಅದನ್ನು ಕೇಳುವಾಗಲೆಲ್ಲ ನನ್ನನ್ನು ನೋಡಲು ಬಂದ ದಿನ ನೆನಪಾಗುತ್ತಿತ್ತು. ಅಲ್ಲೂ ನಡಿಗೆ ನೋಡಿದ್ದರು, ಕೂದಲು ನೋಡಿದ್ದರು, ಸುಳಿಯ ಮಾತೂ ಬಂದಿತ್ತು.

ಆ ವರ್ಷ ನಮ್ಮ ಸೀಮೆ ತಳಿಯ ಕಡಸಿಗೆ ಮೂರು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ. ದೊಡ್ಡಮಾವ ಅದರ ಸುತ್ತ ಒಂದು ಸುತ್ತು ಬಂದು, "ಇದು ಗೊಡ್ಡು ಕಣಮ್ಮ. ಮೇವು ದಂಡ. ಸಂತೆಗೆ ಹೊಡೆದುಬಿಡಿ" ಎಂದರು. ನಾನೂ ಅತ್ತೆಯ ಕಡೆ ತಿರುಗಿ, "ಹೌದತ್ತೆ, ಗೊಡ್ಡನ್ನ ಕಟ್ಕೊಂಡು ಎಷ್ಟು ದಿನ ಸಾಕೋದು?" ಎಂದೆ. ಕಲಗಚ್ಚಿನ ಬಕೆಟ್ಟು ಹಿಡಿದು ನಿಂತಿದ್ದ ಚಿಕ್ಕತ್ತೆ ಅದನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದರು. ಅವರ ಮದುವೆಯಾಗಿ ಆಗ 11 ವರ್ಷ, ಮಕ್ಕಳಿರಲಿಲ್ಲ. ನಾನು ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ನನಗೆ ಅರ್ಥವಾದದ್ದು ಆಗಲೇ.

ಮಾರುವ ಮುಂಚೆ ಒಂದು ಸಲ ತೋರಿಸೋಣವೆಂದು ಅತ್ತೆ ದನದ ಡಾಕ್ಟರನ್ನು ಕರೆಸಿದರು. ಅವರು ಸುಳಿ ನೋಡಲಿಲ್ಲ. ಸೊಂಟದ ಮೂಳೆ, ಬಾಲದ ಬುಡ, ಪಕ್ಕೆಲುಬು ಮುಟ್ಟಿ ನೋಡಿದರು. ಮೈಕಟ್ಟಿಗೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಅವರಲ್ಲಿದೆಯಂತೆ. ತೀರಾ ಬಡಕಲಾದರೆ ಬೆದೆಯೇ ನಿಂತುಹೋಗಬಹುದು, ಅತಿಯಾಗಿ ಕೊಬ್ಬಿದರೂ ತೊಂದರೆ. ಆಮೇಲೆ, "ಬೆದೆಗೆ ಬಂದಿದ್ದನ್ನ ಯಾರು ನೋಡಿದ್ದು? ಎಷ್ಟು ಹೊತ್ತಿಗೆ?" ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಬೆದೆ ಪೂರ್ತಿ ಒಂದು ದಿನವೂ ಇರುವುದಿಲ್ಲ, ಎಷ್ಟೋ ಸಲ ರಾತ್ರಿಯೇ ಬಂದು ಹೋಗುತ್ತದೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಹಾಕಿಸಬೇಕು. ನಾವು ನಮಗೆ ಪುರುಸೊತ್ತಾದಾಗ ಹಾಕಿಸಿದ್ದೆವು.

"ಮೈಯ ಗುರುತು ಸುಳ್ಳು ಹೇಳೋಲ್ಲಮ್ಮ. ನೀವು ಏನು ಹಾಕಿದೀರಿ, ಎಷ್ಟು ನೋಡಿದೀರಿ ಅನ್ನೋದನ್ನೇ ಅದು ಹೇಳೋದು" ಎಂದರು ಡಾಕ್ಟರು. ಖನಿಜದ ಪುಡಿ ಬರೆದುಕೊಟ್ಟರು. ರಾತ್ರಿ ಎದ್ದು ಕಡಸನ್ನು ನೋಡುವ ಕೆಲಸವನ್ನು ಚಿಕ್ಕತ್ತೆ ತಾವೇ ವಹಿಸಿಕೊಂಡರು. ಎರಡು ತಿಂಗಳಲ್ಲಿ ಗಬ್ಬ ನಿಂತಿತು.

ಹಾಗೆಂದು ಗೊಡ್ಡೇ ಇಲ್ಲವೆಂದಲ್ಲ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಪಾಲು ಗೊಡ್ಡಾಗಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಎರಡಕ್ಕೂ ರಕ್ತ ಬೆರೆತು, ಗಂಡಿನ ಹಾರ್ಮೋನು ಹೆಣ್ಣಿನ ಗರ್ಭಕೋಶ ಬೆಳೆಯದಂತೆ ಮಾಡುತ್ತದೆ. (ನಮ್ಮ ಅವಳಿ ಹೆಣ್ಣುಮಕ್ಕಳಿಗೆ ಈ ಭಯ ಬೇಡ.) ಆ ಕರುವಿನ ತಪ್ಪು ಏನು? ಮೇವಿನ ಲೆಕ್ಕ ಹಾಕುವ ಬಡ ರೈತ ಅದನ್ನು ಸಾಕಲಾರ ಎಂದರೆ ನಾನು ಅವನನ್ನು ದೂರಲಾರೆ. ಆದರೆ ಲೆಕ್ಕ ಬೇರೆ, ಬೈಗುಳ ಬೇರೆ. ಕೊಟ್ಟಿಗೆಯ ಲೆಕ್ಕದಲ್ಲಿ ಹುಟ್ಟಿದ ಮಾತು ನಡುಮನೆಗೆ ಬಂದಾಗ ಬೈಗುಳವಾಗುತ್ತದೆ.

ಇನ್ನೊಂದು ಮಾತು. ನಮ್ಮ ಪಕ್ಕದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಕೇಂದ್ರವಿದೆ. ಅಂಥ ಕೇಂದ್ರಗಳಲ್ಲಿ ಹೋರಿಯ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಚೆನ್ನಾಗಿದ್ದರೆ ಮಾತ್ರ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹೋರಿಯ ವೃಷಣದ ಸುತ್ತಳತೆಯನ್ನೂ ಟೇಪು ಹಿಡಿದು ಅಳೆಯುವುದುಂಟು. ದನಕ್ಕಾದರೆ ಮೊದಲ ಪರೀಕ್ಷೆ ಗಂಡಿಗೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆಂದು ವೈದ್ಯರು ಹೇಳುತ್ತಾರೆ. ಆದರೂ ಚಿಕ್ಕತ್ತೆಯನ್ನು ಆ 11 ವರ್ಷದಲ್ಲಿ ಎಷ್ಟೋ ಆಸ್ಪತ್ರೆಗಳಿಗೆ, ದೇವಸ್ಥಾನಗಳಿಗೆ ಕರೆದೊಯ್ದಿದ್ದರು. ಚಿಕ್ಕಮಾವನನ್ನು ಒಬ್ಬ ಡಾಕ್ಟರಿಗೂ ತೋರಿಸಿರಲಿಲ್ಲ. ಹೋರಿಗೆ ಸಿಕ್ಕ ನ್ಯಾಯ ನಮ್ಮ ಮನೆಯ ಹೆಂಗಸಿಗೆ ಸಿಕ್ಕಿರಲಿಲ್ಲ.

ಆ ಕಡಸು ನಮ್ಮ ಮನೆಯಲ್ಲಿ ನಾಲ್ಕು ಸೂಲು ಕಂಡಿತು. ಚಿಕ್ಕತ್ತೆಗೆ ಮಕ್ಕಳಾಗಲಿಲ್ಲ. ಕಡಸು ಗಬ್ಬವಾಯಿತು, ಆದ್ದರಿಂದ ನನ್ನ ಮಾತು ತಪ್ಪಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಅದು ಗಬ್ಬವಾಗದೆ ಹೋಗಿದ್ದರೂ ಆ ಮಾತು ತಪ್ಪೇ ಆಗಿರುತ್ತಿತ್ತು. ಗುರುತುಗಳಿರುವುದು ವಿಚಾರಿಸಲು ಶುರುಮಾಡುವುದಕ್ಕೆ. ಅವನ್ನು ನೋಡಿಯೇ ತೀರ್ಪು ಕೊಟ್ಟು ಎದ್ದುಹೋಗುವುದು ಸೋಮಾರಿತನ, ಹೆಂಗಸರ ವಿಷಯದಲ್ಲಂತೂ ಕ್ರೌರ್ಯ.

ನಾನು ಕ್ಷಮೆ ಕೇಳಿದಾಗ ಚಿಕ್ಕತ್ತೆ, "ಬಿಡೇ, ನೀನು ಹಸುಗೆ ಅಂದಿದ್ದಲ್ವಾ" ಎಂದು ನಕ್ಕಿದ್ದರು. ಹಸುವಿಗೂ ಅನ್ನಬಾರದಾಗಿತ್ತು ಎಂದು ಅವರಿಗೆ ಹೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.