ಅರ್ಧಕ್ಕೆ ನಿಂತ ಆಟ ಯಾರ ಕೈಯಲ್ಲಿರಬೇಕು?

ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಆಡುವ ಯುದ್ಧದ ಆಟಗಳಿವೆ. ‘ಸಿವಿಲೈಸೇಶನ್’ ಅವುಗಳಲ್ಲಿ ಹೆಸರಾದದ್ದು. ಒಬ್ಬ ತನ್ನ ಪಡೆ ನಡೆಸಿ ಸರದಿ ಮುಗಿಸುತ್ತಾನೆ, ಆಮೇಲೆ ಇನ್ನೊಬ್ಬ. ಮೂರ್ನಾಲ್ಕು ಮಂದಿ ಗೆಳೆಯರು ಸೇರಿ ಆಡಿದರೆ ಒಂದೇ ಆಟ ವಾರಗಟ್ಟಲೆ ಎಳೆಯುತ್ತದೆ. ಹಾಗಾಗಿ ಅದನ್ನು ಅಲ್ಲಲ್ಲಿ ನಿಲ್ಲಿಸಿ ‘ಸೇವ್’ ಮಾಡಿ ಇಡಲೇಬೇಕು. ತಕರಾರು ಶುರುವಾಗುವುದೇ ಇಲ್ಲಿ. ದಾಳಿ ಮಾಡಿ ಸೋತವನು ಸದ್ದಿಲ್ಲದೆ ಹಳೆಯ ಸೇವ್ ತೆರೆದು ಅದೇ ದಾಳಿಯನ್ನು ಇನ್ನೊಮ್ಮೆ ಮಾಡಬಹುದು, ಗೆಲ್ಲುವ ತನಕ ಮಾಡಬಹುದು. ಎದುರಾಳಿಗೆ ಕಾಣುವುದು ಕೊನೆಯ, ಗೆದ್ದ ದಾಳಿ ಮಾತ್ರ.

ತಡೆಯಲು ಸುಲಭದ ದಾರಿ ಒಂದಿದೆ. ನಡುವೆ ನಿಲ್ಲಿಸುವಂತಿಲ್ಲ, ಸಂಪರ್ಕ ಕಡಿದವನು ಸೋತ ಎಂದು ನಿಯಮ ಮಾಡಿಬಿಡುವುದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ರಾಯಬಾಗ ತಾಲ್ಲೂಕಿನ ಚಿಂಚಲಿಯ ಒಂದು ತೋಟದ ಮನೆಯಲ್ಲಿ ಕೂತು ಈ ನಿಯಮವನ್ನು ಓದಿ ನೋಡಿ. ಪಂಪಸೆಟ್ಟಿನ ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿ ಬಂತೆಂದರೆ ಕಬ್ಬಿಗೆ ನೀರು ಹಾಯಿಸಲು ನಡುರಾತ್ರಿ ಎದ್ದು ಹೋಗಬೇಕು. ಗಾಳಿಮಳೆಗೆ ಲೈನು ಹೋದರೆ ಯಾವಾಗ ಬರುತ್ತದೋ. ಭರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ನೆರೆದಾಗ ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ, ಮನೆ ತುಂಬ ಬೀಗರು. ಇಂಥಲ್ಲಿ ಹುಡುಗನೊಬ್ಬನ ಆಟ ನಡುವೆ ನಿಂತರೆ ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಎಂದೂ ಕರೆಂಟು ಹೋಗದ ಊರಿನ ಎದುರಾಳಿಗೆ ಈ ನಿಯಮ ಪುಕ್ಕಟೆ. ಇವನು ಮಾತ್ರ ಪ್ರತಿಸಲ ದಂಡ ಕಟ್ಟಬೇಕು. ಮೋಸ ತಡೆಯುವ ನಿಯಮಗಳ ಬಗ್ಗೆ ಮಾತಾಡುವವರು ಅದರ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳುವುದು ಕಡಿಮೆ.

ಈ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ಚಿಂಚಲಿಯಿಂದ ರೈಲಿನಲ್ಲಿ ಮಿರಜ ದಾಟಿದರೆ ಸಾಂಗ್ಲಿ, ಚದುರಂಗಕ್ಕೆ ಹೆಸರಾದ ಊರು. ಒಂದೇ ಕೂರಿಕೆಯಲ್ಲಿ ಮುಗಿಯದ ಚದುರಂಗದ ಆಟವನ್ನು ಮರುದಿನಕ್ಕೆ ಕಾದಿಡಲು ಒಂದು ಪದ್ಧತಿ ಇತ್ತು. ಸರದಿ ಯಾರದೋ ಅವನು ತನ್ನ ಮುಂದಿನ ನಡೆಯನ್ನು ಗುಟ್ಟಾಗಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ತೀರ್ಪುಗಾರನ ಕೈಗೆ ಕೊಡಬೇಕು. ಯಾಕೆ ಈ ಕಸರತ್ತು? ನಡೆಯನ್ನು ಬಹಿರಂಗವಾಗಿ ಆಡಿ ಎದ್ದರೆ ಉತ್ತರ ಹುಡುಕಲು ಎದುರಾಳಿಗೆ ಇಡೀ ರಾತ್ರಿ ಸಿಗುತ್ತದೆ. ಆಡದೆ ಎದ್ದರೆ ಆ ರಾತ್ರಿ ಇವನಿಗೇ ಸಿಗುತ್ತದೆ. ಲಕೋಟೆ ರಾತ್ರಿಯನ್ನು ಇಬ್ಬರಿಗೂ ಹಂಚುತ್ತಿತ್ತು: ಒಬ್ಬನಿಗೆ ನಡೆ ಗೊತ್ತು, ಬದಲಾಯಿಸುವಂತಿಲ್ಲ, ಇನ್ನೊಬ್ಬನಿಗೆ ಗೊತ್ತೇ ಇಲ್ಲ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ಫಿಶರ್ ವಿರುದ್ಧದ 21ನೇ ಆಟದಲ್ಲಿ ಸ್ಪಾಸ್ಕಿ ಹೀಗೇ ಲಕೋಟೆ ಕೊಟ್ಟು ಹೋದ. ಮರುದಿನ ಆಡಲು ಬರಲಿಲ್ಲ, ಸೋಲೊಪ್ಪಿ ಫೋನ್ ಮಾಡಿದ. ವಿಶ್ವ ಚಾಂಪಿಯನ್ ಪಟ್ಟ ಕೈ ಬದಲಾದದ್ದು ಕಾದಿಟ್ಟ ಆಟದಲ್ಲಿ.

ರಾತ್ರಿಯಿಡೀ ಲೆಕ್ಕ ಹಾಕಬಲ್ಲ ಕಂಪ್ಯೂಟರುಗಳು ಬಂದಮೇಲೆ, 1990ರ ದಶಕದಲ್ಲಿ, ಚದುರಂಗ ಈ ಪದ್ಧತಿಯನ್ನೇ ಬಿಟ್ಟುಕೊಟ್ಟು ಆಟವನ್ನು ಗಿಡ್ಡ ಮಾಡಿಕೊಂಡಿತು. ಯುದ್ಧದ ಆಟಕ್ಕೆ ಆ ಅನುಕೂಲವಿಲ್ಲ. ಉದ್ದವೇ ಅದರ ರುಚಿ.

ದಾಳದ ಸಂಗತಿ ಇನ್ನೂ ಮಜವಾಗಿದೆ. 1960ರ ದಶಕದಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿಯ ಯುದ್ಧದ ಆಟಗಳನ್ನು ಜನ ಅಂಚೆಯಲ್ಲಿ ಆಡುತ್ತಿದ್ದರು. ದೂರದಲ್ಲಿ ಕೂತವನು ದಾಳ ಎಸೆದು ‘ಆರು ಬಿತ್ತು’ ಎಂದು ಬರೆದರೆ ನಂಬುವುದು ಹೇಗೆ? ಅದಕ್ಕೆ, ಮೊದಲೇ ಗೊತ್ತುಮಾಡಿದ ದಿನದ ಪತ್ರಿಕೆಯಲ್ಲಿ ಬರುವ ಷೇರುಪೇಟೆಯ ಅಂಕಿಯನ್ನೇ ದಾಳವೆಂದು ಹಿಡಿಯುತ್ತಿದ್ದರು. ನಮ್ಮ ಗಡಿ ಭಾಗದವರಿಗೆ ಇದು ಹೊಸದೆನಿಸದು. ‘ಓಸಿ’ ಎಂಬ ಮಾತು ಬಂದದ್ದೇ ಓಪನಿಂಗ್, ಕ್ಲೋಸಿಂಗ್‌ನಿಂದ. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಹತ್ತಿಯ ದರದ ಅಂಕಿಗಳ ಮೇಲೆ ಕಟ್ಟಿದ ಜೂಜು ಅದು. ಮನೆ ಹಾಳುಮಾಡುವ ಆಟವೇ ಸರಿ. ಆದರೂ ಕಟ್ಟುವವನೂ ಕಟ್ಟಿಸಿಕೊಳ್ಳುವವನೂ ಮುಟ್ಟಲಾಗದ ಅಂಕಿ ಬೇಕೆಂಬ ಎಚ್ಚರ ಅದಕ್ಕೂ ಇತ್ತು.

ಕಂಪ್ಯೂಟರ್ ಆಟಗಳೂ ಇದನ್ನು ಮಾಡಿ ನೋಡಿವೆ. ‘ಸಿವಿಲೈಸೇಶನ್ 4’ರಲ್ಲಿ ಮುಂದೆ ಬೀಳುವ ಅಂಕಿಗಳ ಬೀಜ ಸೇವ್‌ನೊಳಗೇ ಇರುತ್ತದೆ. ಮತ್ತೆ ತೆರೆದು ಅದೇ ದಾಳಿ ಮಾಡಿದರೆ ಅದೇ ಸೋಲು. ಜಾಣರು ಅದಕ್ಕೂ ಹಾದಿ ಕಂಡುಕೊಂಡರು: ಮೊದಲು ಬೇರೆಲ್ಲೋ ಒಂದು ಸಣ್ಣ ಕಾದಾಟ ಮಾಡಿ ಕೆಟ್ಟ ಅಂಕಿಯನ್ನು ಅಲ್ಲಿ ಖರ್ಚು ಮಾಡಿಬಿಡುವುದು. ಅದೂ ಬೇಡ, ಕತ್ತಲಲ್ಲಿ ಅಡಗಿದ ಶತ್ರು ಎಲ್ಲಿದ್ದಾನೆಂದು ಒಮ್ಮೆ ಕಂಡವನು ಅದನ್ನು ಮರೆಯುವುದಾದರೂ ಹೇಗೆ?

ಹಾಗಾದರೆ ಸೇವ್ ಇಬ್ಬರ ಕೈಗೂ ಬೇಡ, ಮೂರನೆಯವರ ಸರ್ವರಿನಲ್ಲಿರಲಿ ಎನ್ನಬಹುದು. ಮಹಾಭಾರತದ ಜೂಜಿನಲ್ಲಿ ಆ ಮೂರನೆಯವನಾಗಿ ಕೂತದ್ದು ಧೃತರಾಷ್ಟ್ರ. ಪಾಂಡವರು ಸೋತದ್ದನ್ನೆಲ್ಲ ದ್ರೌಪದಿಗೆ ವರಕೊಟ್ಟು ಹಿಂದಿರುಗಿಸಿದ, ಆಟವನ್ನು ಮೊದಲಿನ ಜಾಗಕ್ಕೆ ತಂದಿಟ್ಟ. ಮಗನ ಒತ್ತಾಯಕ್ಕೆ ಮಣಿದು ದಾರಿಯಲ್ಲಿದ್ದವರನ್ನು ಮರಳಿ ಕರೆಸಿ ಇನ್ನೊಮ್ಮೆ ಆಡಿಸಿದವನೂ ಅವನೇ. ಹನ್ನೆರಡು ವರ್ಷದ ವನವಾಸ ಬಂದದ್ದು ಆ ಎರಡನೆಯ ಆಟದಲ್ಲಿ. ಕರುಣೆಯೂ ದುರಾಸೆಯೂ ಒಂದೇ ಕೈಯಿಂದ ಬಂದವು, ಯಾಕೆಂದರೆ ಹಿಂದಕ್ಕೆ ಒಯ್ಯುವ ಅಧಿಕಾರ ಇದ್ದದ್ದು ಆ ಕೈಗೆ ಮಾತ್ರ. ಸರ್ವರಿನ ಒಡೆಯ ಒಂದು ದಿನ ಅಂಗಡಿ ಮುಚ್ಚಿದರೆ ನಮ್ಮ ಆರು ತಿಂಗಳ ಆಟವೂ ಹೋಯಿತು.

ನನಗನ್ನಿಸುವುದು, ನಿಲ್ಲಿಸುವುದು ಬೇರೆ, ಹಿಂದಕ್ಕೆ ಹೋಗುವುದು ಬೇರೆ. ನಿಯಮಗಳು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹೊಡೆಯುತ್ತವೆ. ನಿಲ್ಲಿಸಲು ಯಾರ ಅಪ್ಪಣೆಯೂ ಬೇಡದಿರಲಿ. ಹಿಂದಕ್ಕೆ ಹೋಗಲು ಮಾತ್ರ ಇಬ್ಬರೂ ಒಪ್ಪಬೇಕು. ಸೇವ್ ಎಷ್ಟು ಸಲ ತೆರೆಯಿತು ಎಂಬ ಲೆಕ್ಕ ಇಬ್ಬರ ಪರದೆಯ ಮೇಲೂ ಕಾಣಲಿ. ಮೋಸ ಇದರಿಂದ ನಿಲ್ಲುವುದಿಲ್ಲ, ಗುಟ್ಟು ನಿಲ್ಲುತ್ತದೆ. ‘ಮೂರು ಸಲ ತೆರೆಯಲಾಗಿದೆ’ ಎಂದು ಪರದೆ ಹೇಳಿದರೆ, ಆ ಮೂರೂ ಸಲ ಕರೆಂಟು ಹೋಗಿತ್ತೋ ಸೋತ ದಾಳಿಯನ್ನು ತಿದ್ದಿಕೊಂಡನೋ ಎಂದು ಯಂತ್ರ ಹೇಳಲಾರದು. ಎದುರಾಳಿ ಚಿಂಚಲಿಗೆ ಫೋನ್ ಮಾಡಿ ಕೇಳಬೇಕು. ಆಚೆ ಕಡೆಯಿಂದ, ‘ನಿನ್ನೆ ರಾತ್ರಿ ಗಾಳಿಗೆ ಲೈನು ಹೋಗಿತ್ತೋ ಮಾರಾಯ’ ಎಂಬ ಉತ್ತರ ಬಂದರೆ, ನಂಬಿ ತನ್ನ ಸರದಿ ಆಡುವುದೋ ಬಿಡುವುದೋ ಅವನಿಗೇ ಬಿಟ್ಟದ್ದು.