ತೆರೆಯ ಕೆಳಗಿನ ಸಾಲು

ಟಿವಿಯ ಮಾತು ತಿಳಿಯದಿದ್ದರೆ ಮೊದಲು ನಮ್ಮ ಕಿವಿಯ ಮೇಲೇ ಅನುಮಾನ. ಟಿವಿಯ ಮೇಲೆ ಅನುಮಾನ ಹುಟ್ಟುವುದು ವಾರಂಟಿ ಮುಗಿದ ಮೇಲೆ.

*

ಹಳೆಯ ಡಬ್ಬಾ ಟಿವಿ ನಮ್ಮ ಮುಖ ನೋಡಿ ಮಾತಾಡುತ್ತಿತ್ತು. ತೆಳ್ಳಗಿನ ಟಿವಿಯ ಸ್ಪೀಕರು ಕೆಳಗೋ ಹಿಂದಕ್ಕೋ ತಿರುಗಿರುತ್ತದೆ. ಅದು ಗೋಡೆಗೆ ಹೇಳುತ್ತದೆ, ಗೋಡೆ ನಮಗೆ ಹೇಳಬೇಕು.

*

ಥಿಯೇಟರ್ ಮಾದರಿಯ 5.1 ಧ್ವನಿಯಲ್ಲಿ ಸಂಭಾಷಣೆಗೆಂದೇ ನಡುವೆ ಒಂದು ಸ್ಪೀಕರು. ಮನೆಯ ಟಿವಿಗೆ ಇರುವುದು ಹೆಚ್ಚಾಗಿ ಎಡ-ಬಲ ಎರಡೇ. ಜಾಗ ಕಳೆದುಕೊಂಡ ಮಾತು, ಸಂಗೀತ ಮತ್ತು ಗುಂಡಿನ ಸದ್ದಿನ ನಡುವೆ, ಮುಂಬಯಿಯ ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ಹತ್ತಿದವರ ಹಾಗೆ ಒಂಟಿಕಾಲಿನಲ್ಲಿ ನಿಲ್ಲುತ್ತದೆ.

*

ಪಿಸುಮಾತಿಗೆ ಏರಿಸು, ಹೊಡೆದಾಟಕ್ಕೆ ಇಳಿಸು: ಇದೇ ರಿಮೋಟಿನ ದಿನಚರಿ. ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ, ಟಿವಿಯಲ್ಲಿ ಸದ್ದಿನ ಏರಿಳಿತ ತಗ್ಗಿಸುವ ‘ನೈಟ್ ಮೋಡ್’ ಇದ್ದರೆ ಹಾಕಿ ನೋಡಿ. ಎಷ್ಟೋ ಸಲ ಸೌಂಡ್‌ಬಾರಿನ ದುಡ್ಡು ಉಳಿಯುತ್ತದೆ.

*

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಬಂತು. ಗಾಡಿಯ ಸದ್ದಿಗೆ ಮಾತು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ಹಳಿಬದಿಯ ಮನೆಗಳ ಶಿಷ್ಟಾಚಾರ. ಧಾರಾವಾಹಿಯ ಅತ್ತೆಗೆ ಅದು ಗೊತ್ತಿಲ್ಲ.

*

ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ ಸದ್ದಿಗೆ 45 ಡೆಸಿಬೆಲ್ ಮಿತಿ. ಈ ನಿಯಮವನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಕಸಾರಾ ಲೋಕಲ್ ಹೋಗಿರುತ್ತದೆ.

*

ಒನ್ ಬಿಎಚ್‌ಕೆಯ ಹಾಲಿನಲ್ಲೇ ಟಿವಿ, ಅಲ್ಲೇ ಹಾಸಿಗೆ. ಬೆಳಗಿನ ಪಾಳಿಯವನು ನಿದ್ದೆ ಹೋದಾಗ ದನಿ ತಗ್ಗಿಸಿ ಸಬ್‌ಟೈಟಲ್ ಹಾಕುವವಳು ಪ್ರೀತಿಯ ಮಾತು ಬೇರೆ ಆಡಬೇಕಾಗಿಲ್ಲ.

*

ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ತಾರಸ್ಥಾಯಿಯ ನಾದಗಳನ್ನು. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಆದ್ದರಿಂದ ಅಜ್ಜ ಹೇಳುವುದು ಸರಿ: “ಕೇಳ್ತದೆ ಮಾರಾಯ, ಎಂತ ಹೇಳಿದ್ದಂತ ಗೊತ್ತಾಗುದಿಲ್ಲ.”

*

ಕನ್ನಡಕ ಮುಖದ ಮೇಲೆ ರಾಜಾರೋಷವಾಗಿ ಕೂರುತ್ತದೆ. ಕಿವಿಯ ಮಿಷನ್ನು ಮಾತ್ರ ಕಪಾಟಿನಲ್ಲಿ. ಮನೆಮಂದಿಯೆಲ್ಲ ತೆರೆಯ ಕೆಳಗಿನ ಸಾಲು ಓದಿದರೆ ಯಾರ ಕಿವಿ ಮಂದ ಎಂಬ ಪ್ರಶ್ನೆಯೇ ಏಳದು.

*

‘ಬೇಡರ ಕಣ್ಣಪ್ಪ’ಕ್ಕೆ (1954) ಬರುವ ಮೊದಲು ರಾಜಕುಮಾರ್ ಗುಬ್ಬಿ ನಾಟಕ ಕಂಪನಿಯ ನಟ. ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸುವುದು ರಂಗದ ಮೊದಲ ಪಾಠ. ಈಗ ಮೈಕು ನಟನ ಅಂಗಿಯೊಳಗೇ ಇರುತ್ತದೆ. ನಟನೆ ಸಹಜವಾಯಿತು, ಹಿಂದಿನ ಸಾಲಿನವನು ಬಡವಾದ.

*

‘ಕಾಂತಾರ’ದ ಕುಂದಾಪುರ ಮಾತನ್ನು ಡೊಂಬಿವಲಿಯ ಕರಾವಳಿ ಗೃಹಿಣಿ ಅಡುಗೆಮನೆಯಿಂದಲೇ ಹಿಡಿಯಬಲ್ಲಳು. ‘ತಿಥಿ’ಯ ಮಂಡ್ಯದ ಮಾತಿಗೆ ಅವಳೂ ತೆರೆಯ ಮುಂದೆ ಬಂದು ಕೂರಬೇಕು. ಕನ್ನಡದವರಿಗೂ ಕನ್ನಡ ಒಮ್ಮೊಮ್ಮೆ ಬರಹದಲ್ಲಿ ಬೇಕು.

*

ಕನ್ನಡ ಚಿತ್ರದ ಕೆಳಗೆ ಹೆಚ್ಚಾಗಿ ಇಂಗ್ಲಿಷ್ ಸಾಲು. ಕನ್ನಡ ಬಾರದವರನ್ನು ನೆನೆದರು, ಒಳ್ಳೆಯದು. ಕನ್ನಡ ಬಂದೂ ಕೇಳಿಸದವರನ್ನು ಮರೆತರು.

*

ಮುಂಬಯಿ ಸೀಮೆಯ ಕನ್ನಡ ಮನೆಯಲ್ಲಿ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಕೇಳಿಸುವುದಿಲ್ಲ. ಮೊಮ್ಮಗಳಿಗೆ ಕೇಳಿಸುತ್ತದೆ, ಓದಲು ಬರುವುದಿಲ್ಲ. ಇಬ್ಬರಿಗೂ ಒಂದೇ ಮದ್ದು: ಕನ್ನಡ ಮಾತಿನ ಕೆಳಗೆ ಕನ್ನಡದ ಸಾಲು.

*

ಮಾತು ಯಾವ ಭಾಷೆಯದೋ ಅಕ್ಷರವೂ ಅದರದೇ ಇರಲಿ ಎಂದು ಸಂಶೋಧಕ ಬ್ರಿಜ್ ಕೊಠಾರಿ ಯೋಚಿಸಿದ್ದು 1996ರಲ್ಲಿ. 1999ರಲ್ಲಿ ಅಹಮದಾಬಾದ್ ದೂರದರ್ಶನದ ಗುಜರಾತಿ ಹಾಡುಗಳಿಗೆ, 2002ರಲ್ಲಿ ಹಿಂದಿ ಹಾಡುಗಳ ‘ಚಿತ್ರಹಾರ್’ಗೆ ಅದು ಬಂತು. ಹಾಡು ಸಾಗಿದಂತೆ ಅಕ್ಷರ ಬಣ್ಣ ಬದಲಿಸುತ್ತಿತ್ತು. ಗುನುಗುವವರು ತಮಗರಿವಿಲ್ಲದೆ ಓದುಗರಾಗಲಿ ಎಂಬುದು ಅದರ ಉದ್ದೇಶ.

*

ಮುಂಬಯಿಯ ಕನ್ನಡ ಮಗುವಿಗೆ ದೇವನಾಗರಿ ಶಾಲೆಯಲ್ಲಿ ಸಿಗುತ್ತದೆ, ಇಂಗ್ಲಿಷ್ ಮೊಬೈಲಿನಲ್ಲಿ. ಕನ್ನಡದ ಅಕ್ಷರ ಸಿಗುವುದು ಊರಿನಿಂದ ಬಂದ ಮದುವೆ ಕಾಗದದಲ್ಲಿ, ಅಜ್ಜ ಓದಿ ಮಡಚಿಟ್ಟ ‘ಕರ್ನಾಟಕ ಮಲ್ಲ’ ಪತ್ರಿಕೆಯಲ್ಲಿ.

*

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರು. ಅವರ ಮೊಮ್ಮಕ್ಕಳಿಗೂ ರಾತ್ರಿಶಾಲೆ ತೆರೆಯಬಹುದು, ಮನೆಯ ಹಾಲಿನಲ್ಲಿ, ಒಂಬತ್ತು ಗಂಟೆಯ ಧಾರಾವಾಹಿಯಲ್ಲಿ.

*

ಸಬ್‌ಟೈಟಲಿಗೆ ದೋಷವೂ ಉಂಟು. ಹಾಸ್ಯನಟ ಬಾಯಿ ತೆರೆಯುವ ಮೊದಲೇ ಮನೆ ನಕ್ಕುಬಿಟ್ಟಿರುತ್ತದೆ.

*

‘ಬಾಗಿಲು ಕಿರುಗುಟ್ಟುತ್ತದೆ’ ಎಂದು ಕಂಸದಲ್ಲಿ ಬಂದರೆ ಕಿವಿ ಚೆನ್ನಾಗಿರುವವರಿಗೆ ನಗು. ಕೇಳದವರಿಗೆ ಕೊಲೆಗಾರ ಒಳಗೆ ಬಂದದ್ದು ತಿಳಿಯುವುದೇ ಆಗ.

*

ಕಿವುಡರಿಗೂ ಟಿವಿ ಎಟುಕಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾನದಂಡ ಹೊರಡಿಸಿತು. ಧಾರಾವಾಹಿಯ ಕೆಳಗೆ ಜಾಹೀರಾತಿನ ಪಟ್ಟಿ ಓಡಿಸಲು ಜಾಗ ಸಿಗುತ್ತದೆ. ಮಾತಿನ ಸಾಲಿಗೆ ಸಿಗದೇಕೆ?

*

ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿಯ ಕನ್ನಡ ಸಂಘಗಳು ನಾಟಕ ಆಡಿಸಿವೆ, ಯಕ್ಷಗಾನ ಕರೆಸಿವೆ. ಇನ್ನು ಒಂದು ಕಾಗದವನ್ನೂ ಬರೆಯಲಿ, ವಾಹಿನಿಗಳಿಗೆ ಮತ್ತು ನಿರ್ಮಾಪಕರಿಗೆ. ಸಂಭಾಷಣೆಯನ್ನು ಯಾರೋ ಒಬ್ಬರು ಕನ್ನಡದಲ್ಲೇ ಬರೆದಿರುತ್ತಾರೆ. ಆ ಬರಹವನ್ನು ತೆರೆಗೆ ತನ್ನಿ, ಅಷ್ಟೇ ಸಾಕು.